ಹೆಲ್ಕಾಳ ಕಾಫಿ ಯಂತ್ರ, ಕೌಕೊನ ಎರಡನೆಯ ಕಪ್ಪು

ಹೆಲ್ಕಾ ಮುಹೊನೆನ್‌ಳ ತಮ್ಮ ಕೌಕೊ ಎಂಥವನೆಂದರೆ, ಎರಡನೆಯ ಕಪ್ಪು ಕಾಫಿ ಮುಂದೆ ಬರುವ ತನಕ ಮನಸ್ಸಿನಲ್ಲಿರುವುದನ್ನು ಹೇಳಿದವನಲ್ಲ. ಮೊದಲ ಕಪ್ಪಿಗೆ ಹಿಮ ಎಷ್ಟು ಬಿತ್ತು, ಸರೋವರ ಹೆಪ್ಪುಗಟ್ಟಿತೋ ಇಲ್ಲವೋ, ಬಲೆಗೆ ಏನು ಬಿತ್ತು, ಇಷ್ಟೇ ಮಾತು. ಎರಡನೆಯದು ತುಂಬಿದ ಮೇಲೆ ಒಂದು ಗುಟುಕು ಕುಡಿದು, ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿ, "ಅದೇನಂದ್ರೆ..." ಎಂದು ಶುರುಮಾಡುವನು. ಹಸುಗಳನ್ನೆಲ್ಲ ಮಾರಿಬಿಡುತ್ತೇನೆ ಎಂದು ಹೇಳಿದ್ದು ಹಾಗೆ. ಹೆಂಡತಿ ಲೆಂಪಿಯ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಹೇಳಿದ್ದೂ ಹಾಗೆಯೇ. ಹೆಲ್ಕಾಳಿಗೆ ಇದು ಗೊತ್ತಿತ್ತು. ಅದಕ್ಕೇ ಪ್ರತಿ ಶನಿವಾರ ಅವನು ಹಳ್ಳಿಯಿಂದ ಕಾರು ಓಡಿಸಿಕೊಂಡು ಈಸಲ್ಮಿ ಪಟ್ಟಣಕ್ಕೆ ಬಂದು, ಅವಳ ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಾಗ, ಅವಳು ಏನನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಸುರಿಯುತ್ತಿದ್ದಳು.

ಹೆಲ್ಕಾ ಒಬ್ಬಳೇ ಇರುವವಳು. ಗಂಡ ಅಂತ ಒಬ್ಬನಿದ್ದ. ರೈಲು ಕೆಲಸಕ್ಕೆಂದು ಓಲು ಪಟ್ಟಣಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಕಾಫಿಗೆ ಒಗ್ಗಿಕೊಂಡ. ಅವಳು ಅಳಲಿಲ್ಲ, ಓಡಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೊಠಡಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಉರುಳೆಗೆ ಕೊಡುತ್ತ ಕೊಡುತ್ತ ಪಿಂಚಣಿಯ ವಯಸ್ಸಿಗೆ ಬಂದಳು. ಆ ಉರುಳೆಯ ಸದ್ದಿನಲ್ಲಿ ಅರ್ಧ ಕಿವಿ ಹೋಗಿತ್ತು. ಉಳಿದರ್ಧದಲ್ಲಿ ಮಾತ್ರ ಬೇರೆಯವರಿಗೆ ಕೇಳಿಸದ್ದೂ ಕೇಳಿಸುತ್ತಿತ್ತು.

ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಅವಳ ಹಳೆಯ ಕಾಫಿ ಯಂತ್ರ ಒಂದು ಬೆಳಿಗ್ಗೆ ಬುಸ್ಸೆಂದು ಉಸಿರುಬಿಟ್ಟು ನಿಂತುಹೋಯಿತು. ಅದೇ ವಾರ ಕೌಕೊ ಬಂದು, ಎದುರು ಮನೆಯ ಸೈಮಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯಬೇಕಾಗಿ ಬಂತು. ಮೊದಲ ಗುಟುಕಿಗೇ ಅವನು, "ಈಗಿನ ಪುಡಿ ಎಲ್ಲ ರಟ್ಟು ಕುದಿಸಿದ ಹಾಗಿರ್ತದೆ. ಅಮ್ಮ ಬೀಜ ಅರೀತಿದ್ಲು. ಆ ವಾಸನೆಗೇ ಎದ್ದುಬಿಡ್ತಿದ್ವಿ," ಎಂದ. ಕೌಕೊ ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದು ಹೆಲ್ಕಾಳಿಗೆ ನೆನಪಿರಲಿಲ್ಲ. ಇದನ್ನು ಬೇಕೆಂದ ಹಾಗೆಯೇ ಎಂದು ಅವಳು ಮನಸ್ಸಿಗೆ ಹಾಕಿಕೊಂಡಳು. ಬೀಜ ಅರೆಯುವ ಯಂತ್ರವನ್ನೇ ತರಬೇಕು ಎಂದುಕೊಂಡಳು.

ಸೈಮಿ ಜೊತೆಗೆ ಹೊರಟಳು. ಸೈಮಿ ಎಂದರೆ ಹೊರಡುವಾಗ ಬೇಡವೆಂದರೂ ಬರುವವಳು, ಬಂದ ಮೇಲೆ ಬೇರೆಯವರ ದುಡ್ಡಿನಲ್ಲಿ ಧಾರಾಳಿ.

ಅಂಗಡಿಯಲ್ಲಿ ಒಂದು ಇಡೀ ಗೋಡೆಗೆ ಯಂತ್ರಗಳೇ. ಕೆಲವಕ್ಕೆ ಮೇಲೆ ಅರೆಯುವ ಬಟ್ಟಲು, ಕೆಳಗೆ ಗಾಜಿನ ಹೂಜಿ. ಕೆಲವಕ್ಕೆ ಕಬ್ಬಿಣದ ಹಿಡಿ, ಹಬೆ ಬಿಡುವ ಮೂತಿ. ಕೆಲವು ಕಪ್ಪು ಪೆಟ್ಟಿಗೆಗಳು, ಮುಖದ ತುಂಬ ಗುಂಡಿಗಳು.

"ಇದೇನೇ, ಹಲ್ಲಿನ ಡಾಕ್ಟರ ಮನೆಗೆ ಬಂದ ಹಾಗಿದೆ," ಎಂದಳು ಸೈಮಿ.

ಅಂಗಡಿಯಾತ ಸೆಪ್ಪೊ ಹತ್ತಿರ ಬಂದ. ಹೆಲ್ಕಾ ಗಾಜಿನ ಹೂಜಿ ಇರುವುದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದಳು.

"ಇದು ತೊಳೆಯೋದು ತಲೆನೋವು ನೋಡಿ," ಎಂದ ಆತ. "ಹಬೆ ಮೇಲೇರಿ ಅರೆಯೋ ಜಾಗಕ್ಕೆ ಹೋಗ್ತದೆ, ಪುಡಿ ಅಂಟಿಕೊಳ್ತದೆ. ಅದೂ ಅಲ್ದೆ ಹೂಜೀಲಿ ನಿಂತ ಕಾಫಿ ಕಹಿಯಾಗ್ತದೆ. ಮನೇಲಿ ಎಷ್ಟು ಜನ?"

"ಒಬ್ಬಳೇ," ಎಂದಳು ಹೆಲ್ಕಾ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವುದು ಅವಳ ಅಭ್ಯಾಸ.

"ಹಾಗಾದ್ರೆ ಇದು." ಆತ ಕಪ್ಪು ಪೆಟ್ಟಿಗೆಯೊಂದರ ತಲೆ ತಟ್ಟಿದ. "ಒಂದು ಸಲ ಒತ್ತಿದ್ರೆ ಒಂದು ಕಪ್ಪು. ಬೀಜ ಆಗಲೇ ಅರೆದು, ಆಗಲೇ ಇಳಿಸ್ತದೆ. ಒಬ್ಬರಿಗೆ ಯಾಕೆ ಹೂಜಿ?"

"ತಗೊಳ್ಳೇ," ಎಂದಳು ಸೈಮಿ. "ಗಂಡನ್ನ ಇಟ್ಕೊಂಡಿದ್ರೂ ಇಷ್ಟು ಹೇಳಿದ ಮಾತು ಕೇಳ್ತಿರ್ಲಿಲ್ಲ."

ಹೆಲ್ಕಾಳ ಕಣ್ಣು ಇನ್ನೊಮ್ಮೆ ಹೂಜಿಯ ಕಡೆ ಹೋಯಿತು. ಆದರೆ ಅಂಗಡಿಯವನು ಅಷ್ಟು ಹೊತ್ತು ನಿಂತು ವಿವರಿಸಿದ ಮೇಲೆ ಅವನ ಮಾತು ತೆಗೆದುಹಾಕುವುದು ಹೇಗೆ? ಕಪ್ಪು ಪೆಟ್ಟಿಗೆಯೇ ಮನೆಗೆ ಬಂತು.

ಮೊದಲ ಶನಿವಾರ ಕೌಕೊ ಬಾಗಿಲಲ್ಲಿ ಬೂಟಿನ ಹಿಮ ಒದರಿ, ಕುರ್ಚಿಯಲ್ಲಿ ಕೂತು, ಯಂತ್ರವನ್ನು ನೋಡಿ ಉಸಿರು ಒಳಗೆ ಎಳೆದುಕೊಂಡು "ಹೂಂ" ಎಂದ. ಮೆಚ್ಚುಗೆ ಎಂದೇ ಅದರ ಅರ್ಥ. ಹೆಲ್ಕಾ ಗುಂಡಿ ಒತ್ತಿದಳು. ಗರಗಸದ ಮಿಲ್ಲಿನಲ್ಲಿ ಹಸಿ ಮರ ಸಿಕ್ಕಿಕೊಂಡಂಥ ಸದ್ದು. ಸೈಮಿ ಕಿವಿ ಮುಚ್ಚಿಕೊಂಡಳು. ಕೌಕೊನ ಕಪ್ಪು ತುಂಬಿತು. ಮತ್ತೆ ಗರಗಸ; ಸೈಮಿಯ ಕಪ್ಪು. ಮತ್ತೆ ಗರಗಸ, ಅವಳದು. ತನ್ನ ಕಪ್ಪು ಹಿಡಿದು ಕೂರುವ ಹೊತ್ತಿಗೆ ಕೌಕೊ ಕುಡಿದು ಮುಗಿಸಿ ಏಲಕ್ಕಿ ಬನ್ನಿನ ಚೂರುಗಳನ್ನು ಬೆರಳಿಂದ ಒತ್ತಿ ಎತ್ತಿಕೊಳ್ಳುತ್ತಿದ್ದ.

"ಹೇಗಿದೆ?"

"ಚೆನ್ನಾಗಿದೆ."

"ಇನ್ನೊಂದು?"

"ಬೇಡಕ್ಕ. ಸಾಕು. ನೀನು ಏಳ್ಬೇಡ."

ಸೈಮಿಯೂ ಕಪ್ಪಿನ ಮೇಲೆ ಅಂಗೈ ಇಟ್ಟಳು. ಕೌಕೊ ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದ. ಹೆಲ್ಕಾ ಅದನ್ನು ನೋಡಿದಳು. ಅವನಲ್ಲಿ ಮಾತಿದೆ. ಟೋಪಿ ಇನ್ನೊಂದು ಸುತ್ತು ತಿರುಗಿತು. ಆಮೇಲೆ ತಲೆಗೇರಿತು. "ಹಾಗಾದ್ರೆ ಸರಿ," ಎಂದು ಎದ್ದುಹೋದ.

ಕಿಟಕಿಯಿಂದ ನೋಡಿದರೆ ಅವನ ಕಾರು ಎರಡು ಗೆರೆಗಳ ಮೇಲೆ ಅಡ್ಡಡ್ಡ ನಿಂತಿತ್ತು, ಒಂದು ಬದಿಯ ಕನ್ನಡಿ ಮುರಿದಿತ್ತು. ಹಿಂದೆ ತೆಗೆಯುವಾಗ ಎಷ್ಟೋ ಹೊತ್ತು ಹಿಡಿಯಿತು.

ಅವತ್ತಿಂದ ಹೆಲ್ಕಾಳ ನೆಮ್ಮದಿ ಹೋಯಿತು. ಅವನಿಗೆ ಹೇಳುವುದಿದೆ, ಅದು ಸಣ್ಣದಲ್ಲ. ಲೆಂಪಿಗೆ ಬಂದದ್ದೇ ಅವನಿಗೂ ಬಂದಿದೆಯೋ? ಮನೆ ಮಾರುತ್ತಾನೋ? ಕಾಫಿ ಬಾಯಿಗೆ ಹತ್ತದೆ ಎರಡನೆಯ ಕಪ್ಪು ಬೇಡವೆಂದ, ಕಪ್ಪಿಲ್ಲದೆ ಮಾತೂ ಬರಲಿಲ್ಲ. ಹಾಗಾದರೆ ಕಾಫಿ ಸರಿಮಾಡಬೇಕು. ಅವಳ ತರ್ಕ ಅಷ್ಟು ನೇರವಾಗಿತ್ತು.

ಬೀಜ ಬದಲಾಯಿಸಿದಳು. ಯಂತ್ರದ ಜೊತೆ ಬಂದದ್ದು ಇದ್ದಿಲಿನಂತೆ ಕಪ್ಪಗೆ ಹುರಿದದ್ದು; ಅದು ದಕ್ಷಿಣ ದೇಶದವರ ಬಾಯಿಗೆ. ತಮ್ಮ ಕಡೆಯ, ಹಗುರವಾಗಿ ಹುರಿದ ಕಂದು ಬೀಜ ತಂದಳು. ಅರೆಯುವ ಹಲ್ಲನ್ನು ಒರಟಿಗೆ ತಿರುಗಿಸಿದಳು, ನುಣ್ಣಗೆ ತಿರುಗಿಸಿದಳು. ನೀರು ಹೆಚ್ಚಿಸಿದಳು. ಯಂತ್ರ ಪ್ರತಿಯೊಂದಕ್ಕೂ ಒಂದೊಂದು ತಗಾದೆ ತೆಗೆಯಿತು. ನೀರು ತುಂಬು ಎಂದಿತು. ತುಂಬಿದರೆ ಕೆಳಗಿನ ತಟ್ಟೆ ಖಾಲಿ ಮಾಡು ಎಂದಿತು. ಖಾಲಿ ಮಾಡಿದರೆ ಚರಟ ತೆಗೆ ಎಂದಿತು. ಎಲ್ಲ ಮಾಡಿದರೆ, ಈಗ ನನ್ನನ್ನು ತೊಳೆ ಎಂದು ಕೆಂಪು ದೀಪ ಮಿಟುಕಿಸಿತು.

"ಒಗೆಯೋ ಕೊಠಡೀಲಿ ಮೇಸ್ತ್ರಿ ಸಹ ನನ್ನ ಹೀಗೆ ಓಡಾಡಿಸ್ಲಿಲ್ಲ," ಎಂದು ಹೆಲ್ಕಾ ಅದರ ಮುಖಕ್ಕೇ ಹೇಳಿದಳು.

ಮುಂದಿನ ಶನಿವಾರ ಕೌಕೊ ಮತ್ತೆ ಒಂದೇ ಕಪ್ಪು ಕುಡಿದ. ಅದರ ಮುಂದಿನದ್ದಕ್ಕೂ ಅಷ್ಟೇ. "ಚೆನ್ನಾಗಿದೆ," "ಬೇಡಕ್ಕ," "ಏಳ್ಬೇಡ." ಟೋಪಿ ತಿರುಗುವುದು, ತಲೆಗೇರುವುದು. ಬಾಗಿಲಲ್ಲಿ ನಿಂತು ಒಂದು ಕ್ಷಣ ಹಿಂತಿರುಗಿ ನೋಡುವನು. ನೋಡುವುದೂ ನೆಟ್ಟಗೆ ಅವಳನ್ನಲ್ಲ, ಅವಳ ಭುಜದಾಚೆಗೆಲ್ಲೋ. ಮುಖ ಕೊಟ್ಟು ನೋಡಲಾರದಷ್ಟು ಕೆಟ್ಟ ಸುದ್ದಿಯೇ ಎಂದು ಹೆಲ್ಕಾ ಅಂದುಕೊಂಡಳು.

ತಡೆಯಲಾರದೆ ಒಮ್ಮೆ ಫೋನು ಮಾಡಿದಳು. ಅಂಥದ್ದನ್ನು ಮಾಡುವವಳಲ್ಲ.

"ಏನಾದ್ರೂ ಇದೆಯೇನೋ ಕೌಕೊ?"

"ಏನು?"

"ಏನಾದ್ರೂ."

"ಇಲ್ಲ ಬಿಡು."

"ಹಾಗಾದ್ರೆ ಸರಿ."

"ಸರಿ. ಶನಿವಾರ ಬರ್ತೀನಲ್ಲ," ಎಂದ. ಇಟ್ಟುಬಿಟ್ಟ.

ಸೈಮಿಯನ್ನು ಹಿಡಿದುಕೊಂಡಳು. ಮೆಟ್ಟಿಲ ಮೇಲೆ ಅಡ್ಡಗಟ್ಟಿ ನಿಂತು, "ನಿಜ ಹೇಳು. ನನ್ನ ಕಾಫಿ ಹೇಗಿರ್ತದೆ?" ಎಂದಳು.

"ಚೆನ್ನಾಗಿರ್ತದಪ್ಪ."

"ಚೆನ್ನಾಗಿದ್ರೆ ಯಾಕೆ ಒಂದೇ ಕಪ್ಪು ಕುಡೀತೀಯ? ನೀನು, ನನ್ನ ಹಳೇ ಯಂತ್ರದ ನಾಲ್ಕು ಕಪ್ಪು ಕುಡಿದು ಬನ್ನು ಚೀಲಕ್ಕೆ ಹಾಕ್ಕೊಂಡು ಹೋಗ್ತಿದ್ದವಳು!"

"ಬನ್ನು ನೀನೇ ಕೊಟ್ಟಿದ್ದು!" ಸೈಮಿಗೆ ಸಿಟ್ಟು ಬಂತು. "ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಇನ್ನು ಏನು, ಕುಣೀಬೇಕಾ?" ಬಾಗಿಲು ಹಾಕಿಕೊಂಡಳು.

ಯಂತ್ರವನ್ನು ವಾಪಸು ಕೊಡೋಣವೆಂದು ಅದನ್ನು ಮಗುವಿನಂತೆ ಎತ್ತಿಕೊಂಡು ಅಂಗಡಿಗೂ ಹೋದಳು. ಬಳಸಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದ ಸೆಪ್ಪೊ. ಏನು ಕೆಟ್ಟಿದೆ ಎಂದು ಕೇಳಿದ. ಏನೂ ಕೆಟ್ಟಿಲ್ಲ. ಅಲ್ಲೇ ಒಂದು ಕಪ್ಪು ಇಳಿಸಿ ಕುಡಿದು, "ಅಮ್ಮಾ, ಇದಕ್ಕಿಂತ ಒಳ್ಳೆ ಕಾಫಿ ನಾನು ಈ ವಾರ ಕುಡಿದಿಲ್ಲ," ಎಂದ. ಒಂದೇ ಕಪ್ಪು ಕುಡಿದದ್ದನ್ನು ಹೆಲ್ಕಾ ಗಮನಿಸಿದಳು. ಮತ್ತೆ ಎತ್ತಿಕೊಂಡು ಹಿಮದಲ್ಲಿ ಜಾರುತ್ತ ಮನೆಗೆ ಬಂದಳು. ದಾರಿಯುದ್ದಕ್ಕೂ ಅದರ ಹೊಟ್ಟೆಯೊಳಗಿನ ತಟ್ಟೆಯ ನೀರು ಕುಲುಕಿ ಕೋಟಿನ ಮೇಲೆಲ್ಲ ಸೋರಿತು.

ಹೀಗಿರುವಾಗ ಒಗೆಯುವ ಕೊಠಡಿಯ ಹಳೆಯ ಸಂಗಾತಿ ಐರಾ ತೀರಿಕೊಂಡಳು. ಮಣ್ಣು ಮಾಡಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಎಲ್ಲರಿಗೂ ಕಾಫಿ. ಐರಾ ಕೌಕೊನ ಹಳ್ಳಿಯವಳು, ಅವನೂ ಬಂದಿದ್ದ. ಉದ್ದನೆಯ ಮೇಜಿನಲ್ಲಿ ಹೆಲ್ಕಾಳ ಪಕ್ಕ ಅವನು, ಅವನ ಪಕ್ಕ ಸೈಮಿ.

ಹೆಲ್ಕಾ ಮೊದಲ ಗುಟುಕು ಕುಡಿದಳು. ಬೆಳಿಗ್ಗೆಯೇ ಮಾಡಿಟ್ಟು, ಆರಿಸಿ, ಮತ್ತೆ ಬಿಸಿ ಮಾಡಿದ್ದು. ಪಾತ್ರೆ ತೊಳೆದ ನೀರಿಗೆ ಬಣ್ಣ ಬಂದ ಹಾಗಿತ್ತು. ಪಕ್ಕಕ್ಕೆ ನೋಡಿದರೆ ಕೌಕೊನ ಕಪ್ಪು ಖಾಲಿ. ಬಡಿಸುವ ಹೆಂಗಸು ದೊಡ್ಡ ಹೂಜಿ ಹಿಡಿದು ಬೆನ್ನ ಹಿಂದೆ ಬಂದಳು, ಭುಜದ ಮೇಲಿಂದ ಬಗ್ಗಿ ಸುರಿದಳು, ಮುಂದೆ ಹೋದಳು. ಕೌಕೊ ಕುಡಿದ. ಮತ್ತೆ ಬಂದಳು, ಸುರಿದಳು, ಹೋದಳು. ಅದನ್ನೂ ಕೈಗೆತ್ತಿಕೊಂಡ.

ಹೆಲ್ಕಾಳಿಗೆ ಮೈ ಉರಿಯಿತು. ಬೀಜ ಹುಡುಕಿ, ಹಲ್ಲು ತಿರುಗಿಸಿ, ತಟ್ಟೆ ತೊಳೆದು, ಹಿಮದಲ್ಲಿ ಹೊತ್ತು ತಿರುಗಿ ತಾನು ಮಾಡಿದ ಕಾಫಿ ಒಂದೇ ಕಪ್ಪಿಗೆ ಸಾಕು. ಈ ಕೊಚ್ಚೆ ಮೂರು ಕಪ್ಪು!

ಮೂರನೆಯ ಕಪ್ಪಿನ ಒಂದು ಗುಟುಕು ಕುಡಿದು ಕೌಕೊ ಅವಳ ಕಡೆ ವಾಲಿದ. "ಅಕ್ಕ, ಅದೇನಂದ್ರೆ..."

ಅಷ್ಟರಲ್ಲಿ ಪಾದ್ರಿ ಎದ್ದು ನಿಂತರು. ಎಲ್ಲರೂ ಎದ್ದರು. ಹಾಡು ಶುರುವಾಯಿತು. ಐರಾಳಿಗೆ ಬಹಳ ಇಷ್ಟವಾದ ಹಾಡಂತೆ, ಆರು ನುಡಿಗಳದ್ದು. ಅದು ಮುಗಿಯುವ ಹೊತ್ತಿಗೆ ಕೌಕೊನ ಬಾಯಿ ಮುಚ್ಚಿಹೋಗಿತ್ತು. ಹೆಲ್ಕಾ ಸತ್ತವಳ ಮೇಲೂ ಒಂದಿಷ್ಟು ಸಿಟ್ಟಾದಳು, ದೇವರು ಕ್ಷಮಿಸಲಿ.

ಆದರೆ ಹಾಡುವಾಗ ಅವಳ ಕಣ್ಣು ಆ ಬಡಿಸುವ ಹೆಂಗಸಿನ ಮೇಲೇ ಇತ್ತು. ಆಕೆ ಯಾರನ್ನೂ ಕೇಳಿರಲಿಲ್ಲ. ಇನ್ನೊಂದು ಬೇಕೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಸುರಿದಳು, ಅಷ್ಟೇ. ಸುರಿದದ್ದನ್ನು ಬಿಟ್ಟೇಳುವ ಮನುಷ್ಯ ಈ ಊರಲ್ಲಿ ಹುಟ್ಟಿಲ್ಲ. ಕೇಳಿದರೆ ಬೇಡ ಎನ್ನದ ಮನುಷ್ಯನೂ ಹುಟ್ಟಿಲ್ಲ. ತಮ್ಮೊಬ್ಬರಿಗೋಸ್ಕರ ಇನ್ನೊಬ್ಬರು ಕುರ್ಚಿಯಿಂದ ಏಳುವುದು, ಯಂತ್ರ ಅರಚುವುದು, ಮಾತು ನಿಲ್ಲುವುದು! ಅದಕ್ಕೆ ಕಾರಣವಾಗುವುದಕ್ಕಿಂತ ಕೌಕೊ ಬಾಯಾರಿ ಸಾಯುವುದಕ್ಕೂ ತಯಾರು. ಸೈಮಿ ಕೂಡ, ಬಾಯಿ ಎಷ್ಟು ದೊಡ್ಡದಿದ್ದರೂ. ತಾನಾದರೂ ಹಾಗೆಯೇ ಅಲ್ಲವೇ? ಪರರ ಮನೆಯಲ್ಲಿ ತಾನೇ ಬಾಯಿಬಿಟ್ಟು ಇನ್ನೊಂದು ಕಪ್ಪು ಕೇಳಿದ್ದಾಳೆಯೇ, ಹುಟ್ಟಿದಂದಿನಿಂದ?

ಕಾಫಿ ಕೆಟ್ಟಿರಲಿಲ್ಲ. ಕೊಡುವ ರೀತಿ ಕೆಟ್ಟಿತ್ತು. ಇಷ್ಟು ದಿನ ಬೀಜಕ್ಕೆ ಬೈದದ್ದೆಲ್ಲ ದಂಡ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಳು. ಸೆಪ್ಪೊ ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಬಿಸಿ ಆರದ ಹೂಜಿ ಬೇಕು. ದೊಡ್ಡದು."

"ಅಂಥಾ ಯಂತ್ರ ಇಟ್ಕೊಂಡು ಹೂಜೀನಾ? ತಾಜಾ ಇಳಿಸೋದೇ ಅದರ ಮಹಿಮೆ ಅಮ್ಮಾ."

"ನೀವು ಮನೇಲಿ ಎಷ್ಟು ಜನ ಅಂತ ಕೇಳಿದ್ರಿ. ಮೇಜಿಗೆ ಎಷ್ಟು ಜನ ಅಂತ ಕೇಳ್ಬೇಕಿತ್ತು," ಎಂದಳು ಹೆಲ್ಕಾ. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಅಂಗಡಿಯವನಿಗೆ ಹೀಗೆ ಮಾತಾಡಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಶನಿವಾರ ಅವರು ಬರುವ ಬಹಳ ಮೊದಲೇ ಅವಳು ಯಂತ್ರದ ಮುಂದೆ ನಿಂತಳು. ಒತ್ತಿದಳು, ಕಪ್ಪನ್ನು ಹೂಜಿಗೆ ಸುರಿದಳು, ಮತ್ತೆ ಒತ್ತಿದಳು. ನಡುವೆ ನೀರು ಬೇಕೆಂದಿತು, ಕೊಟ್ಟಳು. ಚರಟ ತೆಗೆ ಎಂದಿತು, ತೆಗೆದಳು. ಕೊನೆಯ ಕಪ್ಪಿಗೆ ಇನ್ನೇನು ಬಂದಾಗ ತೊಳೆ ಎಂದು ಕೆಂಪು ದೀಪ ಹಾಕಿತು. "ನಾಳೆ ತೊಳೀತೀನಿ, ಬಾಯ್ಮುಚ್ಕೊಂಡಿರು," ಎಂದು ತಂತಿ ಕಿತ್ತು ಮೇಲೆ ಒರೆಸುವ ಬಟ್ಟೆ ಹೊದಿಸಿದಳು.

ಕೌಕೊ ಬಂದ. ಸೈಮಿ ಬಂದಳು. ಹೆಲ್ಕಾ ಸುರಿದಳು, ಬನ್ನು ಇಟ್ಟಳು, ಕೂತಳು. ಅಡುಗೆಮನೆ ನಿಶ್ಶಬ್ದವಾಗಿತ್ತು.

"ಕಿರುಚೋದು ಸತ್ತುಹೋಯ್ತಾ?" ಎಂದಳು ಸೈಮಿ, ಬಟ್ಟೆಯ ಕಡೆ ನೋಡಿ.

"ಮಲಗಿದೆ."

ಹಿಮದ ಮಾತಾಯಿತು. ಸರೋವರದ ಮೇಲೆ ಕಾಲಿಡಬಹುದಂತೆ. ಕೌಕೊನ ಕಪ್ಪು ಖಾಲಿಯಾಯಿತು. ಹೆಲ್ಕಾ ಅವನ ಮುಖ ನೋಡಲಿಲ್ಲ, ಬಾಯಿ ತೆರೆಯಲಿಲ್ಲ, ಕೂತಲ್ಲಿಂದಲೇ ಕೈ ಚಾಚಿ ತುಂಬಿಸಿದಳು. ಕೌಕೊ ಕುಡಿದ. ಟೋಪಿ ಒಂದು ಸುತ್ತು ತಿರುಗಿತು.

"ಅದೇನಂದ್ರೆ," ಎಂದ, "ಕಣ್ಣು."

ಸೈಮಿ ಕೈಯಲ್ಲಿದ್ದ ಬನ್ನನ್ನು ತಟ್ಟೆಗೆ ವಾಪಸಿಟ್ಟಳು.

"ನಡುವಿಗೆ ಮಬ್ಬು ಕವಿದಿದೆ. ಅಂಚೆಲ್ಲ ಕಾಣ್ತದೆ. ನಿನ್ನ ನೋಡಿದ್ರೆ ಕಿವಿ ಎರಡೂ ಕಾಣ್ತವೆ, ಮುಖ ಇಲ್ಲ. ವಾಸಿ ಆಗಲ್ಲ ಅಂದ್ರು ಡಾಕ್ಟ್ರು. ಕಾರು ಮುಟ್ಬೇಡ ಅಂದ್ರು. ಹಾಗಾಗಿ ಶನಿವಾರ ಬರೋಕಾಗಲ್ಲ ಇನ್ಮೇಲೆ. ಅದನ್ನ ಹೇಳೋಣ ಅಂತಲೇ ಬಂದೆ."

"ಯಾವಾಗ ಹೇಳಿದ್ರು ಡಾಕ್ಟ್ರು?"

"ಹಿಮ ಬೀಳೋ ಮೊದ್ಲು."

ಹೆಲ್ಕಾ ಎದ್ದು ನಿಂತಳು. "ಹಿಮ ಬೀಳೋ ಮೊದ್ಲು! ಮತ್ತೆ ಇಷ್ಟು ಶನಿವಾರ ಹೇಗೆ ಬಂದೆ?"

"ಕಾರಲ್ಲಿ."

"ಕಾರು ಓಡಿಸಬಾರದು ಅಂತ ಹೇಳೋಕೆ ಕಾರು ಓಡಿಸ್ಕೊಂಡು ಬಂದೆ!"

"ಇನ್ನು ಹೇಗೆ ಬರ್ಲಿ? ಮೊದಲ ಸಲವೇ ಹೇಳೋಣ ಅಂತಿದ್ದೆ. ಹೊತ್ತು ಸಿಗ್ಲಿಲ್ಲ. ಮುಂದಿನ ಸಲ ಅಂದ್ಕೊಂಡೆ."

"ಫೋನಲ್ಲಿ ಕೇಳಿದ್ನಲ್ಲೋ ಮುಠ್ಠಾಳ!"

"ಫೋನಲ್ಲಿ ಹೇಳೋ ವಿಷಯ ಅಲ್ಲವಲ್ಲ."

"ದಾರೀಲಿ ಯಾವುದಾದ್ರೂ ಮಗು ಅಡ್ಡ ಬಂದಿದ್ರೆ?"

ಕೌಕೊ ತಟ್ಟೆಯ ಅಂಚು ತಡಕಿ ಕಪ್ಪನ್ನು ಅದರಲ್ಲಿಟ್ಟ. "ಮೆಲ್ಲಗೆ ಬರ್ತಿದ್ದೆ," ಎಂದ. "ಅಂಚು ಹಿಡಿದು. ಕಂಬಕ್ಕೆ ಕನ್ನಡಿ ತಾಗಿದ ದಿನ ಕೈಕಾಲು ಬಿದ್ದೇಹೋಗಿತ್ತು ಅಕ್ಕ. ಆದ್ರೂ ಬಂದೆ. ಶನಿವಾರ ಅಲ್ವಾ."

ಹೆಲ್ಕಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಯಂತ್ರವನ್ನು ಎತ್ತಿ ಕಿಟಕಿಯಿಂದ ಎಸೆಯಬೇಕೆನಿಸಿತು. ಎರಡನ್ನೂ ಮಾಡದೆ ಕೈ ಚಾಚಿ ನಿಂತಳು. ಕೌಕೊ ಜೇಬು ತಡಕಿ ಕಾರಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. ಅಂಗೈಯ ನಡುವಿಗಲ್ಲ, ಅಂಚಿಗೆ. ಬಿದ್ದುಹೋಗದಂತೆ ಅವಳು ಮುಷ್ಟಿ ಬಿಗಿದಳು.

"ನನ್ನನ್ನ ಯಾಕೆ ನೋಡ್ತೀರಿ? ನಾನೇ ಓಡಿಸ್ತೀನಿ, ಮನೆಗೆ ಬಿಟ್ಟು ಬರೋಣ," ಎಂದಳು ಸೈಮಿ. ಯಾರೂ ಅವಳನ್ನು ನೋಡಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಕೌಕೊ, ನಿನ್ನ ಅಕ್ಕನ ಮುಖ ಕಾಣದಿದ್ರೆ ಅಂಥಾ ನಷ್ಟ ಏನಿಲ್ಲಪ್ಪ," ಎಂದಳು. ಕೌಕೊ ನಕ್ಕ. ಹೆಲ್ಕಾ ನಗಲಿಲ್ಲ. ಅವನ ಕಪ್ಪು ತುಂಬಿಸಿದಳು.

ಇನ್ನು ತಾನೇ ಹೋಗೋಣವೆಂದರೆ ಹಳ್ಳಿಯ ಕಡೆಗೆ ಶನಿವಾರ ಬಸ್ಸಿಲ್ಲ. ಶುಕ್ರವಾರ ಒಂದಿದೆ, ಅದೂ ಮಧ್ಯಾಹ್ನಕ್ಕೆ ಹಿಂತಿರುಗುತ್ತದೆ. ಬಸ್ಸಿನ ಕಂಪನಿಗೆ ಫೋನು ಮಾಡಿ ಹೆಲ್ಕಾ ಕೂಗಾಡಿದಳು. ಆ ಕಡೆಯವಳು ಬಹಳ ನಯವಾಗಿ ಇಲ್ಲ ಎಂದಳು. ಶನಿವಾರದ ಕಾಫಿ ಹೀಗೆ ಶುಕ್ರವಾರಕ್ಕೆ ಬಂತು. ಅದಕ್ಕೆ ಅವಳು ಇವತ್ತಿಗೂ ಒಗ್ಗಿಕೊಂಡಿಲ್ಲ.

ಮೊದಲ ಶುಕ್ರವಾರ ಅವಳು ಹಳ್ಳಿಯ ತಿರುವಿನಲ್ಲಿ ಇಳಿದಾಗ ಕೌಕೊ ಒದೆಯುವ ಜಾರುಬಂಡಿ ಹಿಡಿದು ನಿಂತಿದ್ದ. ಮುಂದೆ ಕೂರಲು ಮರದ ಪುಟ್ಟ ಕುರ್ಚಿ, ಹಿಂದೆ ಹಿಡಿ, ಕೆಳಗೆ ಕಬ್ಬಿಣದ ಎರಡು ಪಟ್ಟಿ.

"ಇದಕ್ಕೆ ಡಾಕ್ಟರು ಏನೂ ಹೇಳ್ಲಿಲ್ಲ," ಎಂದ.

"ನೀನು ಕೇಳಿದ್ಯಾ?"

"ಕೇಳ್ಲಿಲ್ಲ."

ಅವಳು ಗೊಣಗುತ್ತ ಕೂತಳು, ಬಿಸಿ ಹೂಜಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡಳು. ಕೌಕೊ ಹಿಂದೆ ನಿಂತು ಒಂದು ಕಾಲಲ್ಲಿ ನೆಲಕ್ಕೆ ಒದ್ದ. ಬಂಡಿ ಗಟ್ಟಿ ಹಿಮದ ಮೇಲೆ ಜರ್ರನೆ ಹೊರಟಿತು.

"ಎಡಕ್ಕೆ," ಎಂದಳು ಹೆಲ್ಕಾ. "ಎಡಕ್ಕೆ ಅಂದೆ! ಎದುರಿಗೆ ಅಂಚೆಪೆಟ್ಟಿಗೆ ಇದೆ ಕಣೋ!"

"ಪಕ್ಕದ ಬೇಲಿ ಕಾಣ್ತಿದೆ ನನಗೆ."

"ಬೇಲಿ ಇಟ್ಕೊಂಡು ಏನು ಮಾಡ್ತೀಯ! ಎಡಕ್ಕೆ!"

ಅಂಚೆಪೆಟ್ಟಿಗೆ ಅವಳ ಬಲತೋಳಿಗೆ ಉಜ್ಜಿಕೊಂಡು ಹಿಂದೆ ಹೋಯಿತು. ಕೌಕೊ ಇನ್ನೊಂದು ಸಲ ಒದ್ದ.